ಎರಡು ದಿನದ ಬೆಟ್ಟದ ಪ್ರವಾಸಕ್ಕೆ ಕಾರೋ, ರೈಲೋ? ನಿರ್ಧರಿಸುವುದು ಹೇಗೆ

ಕಾರಿಗೆ ಇಂಧನದ ಖರ್ಚು ಇಷ್ಟು, ರೈಲಿಗೆ ನಾಲ್ಕು ಟಿಕೆಟ್ ಸೇರಿ ಇಷ್ಟು, ಯಾವುದು ಅಗ್ಗವೋ ಅದರಲ್ಲಿ ಹೊರಡೋಣ. ಬಹುತೇಕ ಕುಟುಂಬಗಳ ಲೆಕ್ಕ ಇಲ್ಲಿಗೇ ಮುಗಿಯುತ್ತದೆ, ಪ್ರವಾಸ ಕೆಡುವುದೂ ಇಲ್ಲಿಂದಲೇ. ಬಯಲಿನ ದಾರಿ ಎಷ್ಟೇ ಉದ್ದವಿರಲಿ, ಹೇಗೋ ಸಾಗುತ್ತದೆ. ಮಕ್ಕಳು ಸುಸ್ತಾಗುವುದು, ಚಾಲಕನ ತಾಳ್ಮೆ ತಪ್ಪುವುದು ಕೊನೆಯ ಮೂವತ್ತು ನಲವತ್ತು ಕಿಲೋಮೀಟರ್ ಏರುದಾರಿಯಲ್ಲಿ. ಹಾಗಾಗಿ ಲೆಕ್ಕವನ್ನು ಬೆಟ್ಟದ ತುದಿಯಿಂದ ಕೆಳಕ್ಕೆ ಹಾಕಿಕೊಂಡು ಬನ್ನಿ.

1. ಮೇಲೆ ಹೋಗಿ ಏನು ಮಾಡುತ್ತೀರಿ?

ತಂಗುವ ಜಾಗದಿಂದ ನಡೆದೇ ನೋಡುವ ಸ್ಥಳಗಳಿದ್ದರೆ ಕಾರು ಎರಡು ದಿನವೂ ನಿಂತಲ್ಲೇ ನಿಂತಿರುತ್ತದೆ. ಸ್ಥಳಗಳು ದೂರದೂರ ಇದ್ದರೂ ಕಾರೇ ಬೇಕೆಂದಿಲ್ಲ. ಒಂದು ದಿನಕ್ಕೆ ಅಲ್ಲಿಯದೇ ಬಾಡಿಗೆ ವಾಹನ ಹಿಡಿದರೆ, ಆ ದಾರಿಯ ಪ್ರತಿ ತಿರುವೂ ಗೊತ್ತಿರುವ ಚಾಲಕ ಸಿಗುತ್ತಾನೆ.

2. ಬಾಗಿಲಿನಿಂದ ಬಾಗಿಲಿಗೆ ಗಂಟೆ ಎಣಿಸಿ

ರೈಲಿನ ವೇಳಾಪಟ್ಟಿ ಹೇಳುವುದು ನಿಲ್ದಾಣದಿಂದ ನಿಲ್ದಾಣದ ಸಮಯ ಮಾತ್ರ. ಮನೆಯಿಂದ ನಿಲ್ದಾಣ, ಅಲ್ಲಿ ಕಾಯುವುದು, ಇಳಿದ ಮೇಲೆ ಕೋಣೆಯ ಬಾಗಿಲು ತಲುಪುವುದು, ಇವೆಲ್ಲವನ್ನೂ ಕೂಡಿಸಿ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತ ಕಡಿಮೆ. ನೂರು ಮೀಟರ್‌ಗೆ ಮೂರು ನಾಲ್ಕು ಮೀಟರ್‌ಗಿಂತ ಹೆಚ್ಚು ಏರುವುದು ಸಾಧಾರಣ ರೈಲಿಗೆ ಕಷ್ಟ. ಅದಕ್ಕೇ ಹೆಚ್ಚಿನ ಕಡೆ ರೈಲು ತಪ್ಪಲಿನಲ್ಲೇ ನಿಲ್ಲುತ್ತದೆ, ಮುಂದಿನ ದಾರಿಗೆ ಬಸ್ಸೋ ಟ್ಯಾಕ್ಸಿಯೋ ಬೇಕು. ಆ ವಾಹನವನ್ನು ಮೊದಲೇ ಗೊತ್ತು ಮಾಡದೆ ರೈಲು ಹತ್ತಬೇಡಿ.

ಹಲ್ಲುಹಳಿಯ, ಅಂದರೆ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಏರುವ, ಪುಟ್ಟ ರೈಲು ಮೇಲಿನವರೆಗೂ ಹೋಗುತ್ತದೆಯಲ್ಲ ಎನ್ನಬಹುದು. ನೀಲಗಿರಿ ರೈಲು ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ 46 ಕಿ.ಮೀ. ಏರಲು ಐದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಅಂಥ ರೈಲನ್ನು ನೋಡುವ ಸ್ಥಳಗಳ ಪಟ್ಟಿಗೆ ಸೇರಿಸಿ, ಪ್ರಯಾಣದ ಪಟ್ಟಿಗೆ ಬೇಡ.

ಕಾರಿನ ಲೆಕ್ಕದಲ್ಲೂ ಇಂಥದೇ ತಪ್ಪಾಗುತ್ತದೆ. ಮೊಬೈಲ್ ನಕ್ಷೆ ತೋರಿಸುವ ಸಮಯದಲ್ಲಿ ಊಟವಿಲ್ಲ, ಶೌಚಾಲಯವಿಲ್ಲ, ಮಗು ವಾಂತಿ ಮಾಡಿಕೊಂಡಾಗ ನಿಲ್ಲಿಸಿದ ಹದಿನೈದು ನಿಮಿಷವಿಲ್ಲ. ಘಾಟಿಗೆ ಗಂಟೆಗೆ 25 ಕಿ.ಮೀ. ಎಂದೇ ಹಿಡಿಯಿರಿ. ಹೀಗೆ ಲೆಕ್ಕ ಹಾಕಿದ ಮೇಲೂ ಒಂದು ಕಡೆಯ ಪ್ರಯಾಣ ಆರು ಗಂಟೆ ದಾಟಿದರೆ ಎರಡು ದಿನದ ಪ್ರವಾಸಕ್ಕೆ ಕಾರು ಬೇಡ. ಬಯಲನ್ನು ರಾತ್ರಿ ರೈಲಿನಲ್ಲಿ ಮಲಗಿ ದಾಟಿ, ಘಾಟಿಯನ್ನು ಬೆಳಗಿನ ಬೆಳಕಿನಲ್ಲಿ ಏರುವುದೇ ನನ್ನ ಖಚಿತ ಆಯ್ಕೆ.

3. ಜೊತೆಗೆ ಯಾರಿದ್ದಾರೆ?

ಪ್ರಯಾಣದ ವಾಂತಿ ಹೆಚ್ಚು ಕಾಡುವುದು ಎರಡರಿಂದ ಹನ್ನೆರಡು ವರ್ಷದ ಮಕ್ಕಳನ್ನು. ಒಳಗಿವಿಗೆ ತಿರುವು ತಿಳಿಯುತ್ತದೆ, ಮೊಬೈಲಿನ ಮೇಲೆ ನೆಟ್ಟ ಕಣ್ಣಿಗೆ ತಿಳಿಯುವುದಿಲ್ಲ. ಈ ಗೊಂದಲವೇ ಹೊಟ್ಟೆ ತೊಳಸುವಂತೆ ಮಾಡುತ್ತದೆ. ಘಾಟಿ ಶುರುವಾಗುವ ಮೊದಲೇ ಮೊಬೈಲ್ ತೆಗೆದಿಡಿ, ದೂರದ ಬೆಟ್ಟ ನೋಡಲು ಹೇಳಿ, ಕಿಟಕಿ ಸ್ವಲ್ಪ ಇಳಿಸಿ. ಕನ್ನಡಿಗೆ ನೇತುಹಾಕುವ ಸುಗಂಧದ ಡಬ್ಬಿಯನ್ನು ಮನೆಯಲ್ಲೇ ಬಿಡಿ. ಮುಚ್ಚಿದ ಕಾರಿನಲ್ಲಿ ಆ ಘಾಟು ವಾಸನೆಯೇ ಅರ್ಧ ವಾಂತಿ ತರಿಸುತ್ತದೆ. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ, ಏರು ಶುರುವಾಗುವ ಅರ್ಧ ಗಂಟೆಗೂ ಮೊದಲೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ. ನಿದ್ದೆ ಬರಿಸುವ ಮಾತ್ರೆಯನ್ನು ಚಾಲಕ ಮುಟ್ಟಲೇಬಾರದು.

ಮಂಡಿನೋವಿನ ಹಿರಿಯರಿದ್ದರೆ ಮೆಟ್ಟಿಲು ಹತ್ತಿಳಿದು ರೈಲು ಬದಲಿಸುವ ದಾರಿ ಬೇಡ. ನೇರ ರೈಲು ಇಲ್ಲದಿದ್ದರೆ ಅವರಿಗೆ ಕಾರೇ ಸುಖ.

4. ಇಳಿಯುವವರು ಯಾರು?

ಕಾರು ಎಂದು ನಿರ್ಧರಿಸುವ ಮುನ್ನ ಹೆಚ್ಚು ಯೋಚಿಸಬೇಕಾದ್ದು ಇದನ್ನೇ. ಹತ್ತುವುದನ್ನು ಎಲ್ಲರೂ ಹೇಗೋ ಹತ್ತುತ್ತಾರೆ. ಎತ್ತರ ಸಾವಿರ ಮೀಟರ್ ಏರಿದಂತೆ ಟರ್ಬೊ ಇಲ್ಲದ ಎಂಜಿನ್ ತನ್ನ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಐದು ಜನ, ತುಂಬಿದ ಡಿಕ್ಕಿ ಎಂದರೆ ಏದುಸಿರು ಬಿಡುತ್ತಾ ಹತ್ತೀತು, ಅಷ್ಟೇ. ಅನಾಹುತವಾಗುವುದು ಇಳಿಯುವಾಗ.

ಬ್ರೇಕ್ ಪೆಡಲಿನ ಮೇಲಿನಿಂದ ಕಾಲು ತೆಗೆಯದೆ ಇಳಿಯುವವರು ಪ್ರತಿ ಘಾಟಿಯಲ್ಲೂ ಕಾಣಸಿಗುತ್ತಾರೆ. ಐದಾರು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತದೆ. ಡಿಸ್ಕ್ ಕಾದು, ಬ್ರೇಕ್ ಆಯಿಲ್ ಕುದಿದು, ಅದರೊಳಗೆ ಆವಿಯ ಗುಳ್ಳೆ ಏಳುತ್ತದೆ. ಆಮೇಲೆ ಪೆಡಲ್ ಒತ್ತಿದರೆ ಮೆತ್ತಗೆ ತಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಳೆಯ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ, ಹಾಗಾಗಿ ಬೇಗ ಕುದಿಯುತ್ತದೆ. ಅದನ್ನು ಬದಲಿಸಿ ಎರಡು ವರ್ಷ ದಾಟಿದ್ದರೆ ಹೊಸದು ಹಾಕಿಸದೆ ಬೆಟ್ಟಕ್ಕೆ ಹೋಗಬೇಡಿ.

ಸರಿಯಾದ ಕ್ರಮ ಹೀಗಿದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಎರಡನೇ ಗೇರಿನಲ್ಲಿ ಎಂಜಿನ್ ಗುರ್‌ಗುಟ್ಟಿದರೆ ಹೆದರಬೇಡಿ, ಕಾರನ್ನು ಹಿಡಿದಿಟ್ಟಿರುವುದು ಆ ಸದ್ದೇ. ಬ್ರೇಕನ್ನು ತಿರುವಿಗೆ ಮುಂಚೆ, ಚಕ್ರ ನೇರವಿರುವಾಗಲೇ, ಗಟ್ಟಿಯಾಗಿ ಒಮ್ಮೆ ಒತ್ತಿ ಬಿಟ್ಟುಬಿಡಿ. ಆಟೊಮ್ಯಾಟಿಕ್ ಕಾರಿನಲ್ಲಿ ‘ಡಿ’ಯಲ್ಲೇ ಬಿಡದೆ ಕೆಳಗಿನ ಗೇರನ್ನು ನೀವೇ ಆರಿಸಿ. ವಿದ್ಯುತ್ ಕಾರಿನ ಬ್ಯಾಟರಿಯನ್ನು ತುದಿಯಲ್ಲಿ ಪೂರ್ತಿ ತುಂಬಿಸಬೇಡಿ. ಜಾಗವಿಲ್ಲದ ಬ್ಯಾಟರಿ ಇಳಿಜಾರಿನ ಶಕ್ತಿಯನ್ನು ತೆಗೆದುಕೊಳ್ಳುವುದಿಲ್ಲ, ಆಗ ಮೋಟಾರಿನ ಹಿಡಿತವೂ ಕಡಿಮೆಯಾಗುತ್ತದೆ. ಇಂಧನ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಉಪಾಯವನ್ನು ಯಾರೇ ಹೇಳಿಕೊಟ್ಟರೂ ಕಿವಿಗೆ ಹಾಕಿಕೊಳ್ಳಬೇಡಿ. ಈಗಿನ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಇದನ್ನೆಲ್ಲ ಮೊದಲೇ ಮಾಡಿ ರೂಢಿಯಿರುವ ಒಬ್ಬರು, ಬಯಲಿನಲ್ಲಿ ಅವರಿಗೆ ವಿಶ್ರಾಂತಿ ಕೊಡಬಲ್ಲ ಇನ್ನೊಬ್ಬರು, ಇಬ್ಬರೂ ನಿಮ್ಮ ಕುಟುಂಬದಲ್ಲಿ ಇದ್ದರೆ ಮಾತ್ರ ಕಾರು ತೆಗೆಯಿರಿ.

5. ಸಾಮಾನು

ರೈಲಾದರೆ ಒಬ್ಬರಿಗೆ ಒಂದೇ ಚೀಲ. ಕಾರಾದರೆ ಡಿಕ್ಕಿಗೆ ಹಿಡಿದಷ್ಟು. ಚಾವಣಿಗೆ ಅಗ್ಗದ ರಬ್ಬರ್ ಹಗ್ಗದಲ್ಲಿ ಏನನ್ನೂ ಕಟ್ಟಬೇಡಿ, ತಿರುವುಗಳಲ್ಲಿ ಸಡಿಲವಾಗುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ, ಸ್ವೆಟರ್ ಕೈಗೆ ಸಿಗುವಂತಿರಲಿ.

6. ಟಿಕೆಟ್

ಮರಳುವ ಟಿಕೆಟನ್ನು ಮೊದಲು ನೋಡಿ, ಹೋಗುವುದನ್ನು ಆಮೇಲೆ. ರಜೆಯ ಕೊನೆಯ ಸಂಜೆ ಇಡೀ ಬೆಟ್ಟವೇ ಕೆಳಗಿಳಿಯುತ್ತಿರುತ್ತದೆ. ಆದ್ದರಿಂದ ತಪ್ಪಲಿನ ನಿಲ್ದಾಣಕ್ಕೆ ರೈಲಿಗಿಂತ ಎರಡು ಗಂಟೆ ಮುಂಚೆ ತಲುಪುವಂತೆ ಬಾಡಿಗೆ ವಾಹನಕ್ಕೆ ಹೇಳಿಡಿ. ಮರಳಲು ಸೀಟು ಖಾತ್ರಿಯಾಗದಿದ್ದರೆ ರೈಲಿನ ಆಲೋಚನೆಯನ್ನು ಅಲ್ಲಿಗೇ ಬಿಟ್ಟು, ಪ್ರವಾಸವನ್ನು ಮುಂದಿನ ವಾರಕ್ಕೆ ಹಾಕಿ.