ಅಂಗಾಲಲ್ಲಿ ಕಪ್ಪು ಮಚ್ಚೆ, ತೊಡೆಸಂದಿಯಲ್ಲಿ ಗಂಟು: ಸೂಜಿ ಎಲ್ಲಿಗೆ ಹಾಕಬೇಕು?

ಗದ್ದೆಗೆ ಬರಿಗಾಲಲ್ಲಿ ಇಳಿಯುವವರು ಅಂಗಾಲಿನ ಕಪ್ಪನ್ನು ಮುಳ್ಳು ಚುಚ್ಚಿದ ಗುರುತು ಅಂತ ತಿಂಗಳುಗಟ್ಟಲೆ ಬಿಟ್ಟುಬಿಡುವುದುಂಟು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರ್ ಆದ ಮೆಲನೋಮ ನಮ್ಮಲ್ಲಿ ಅಪರೂಪ. ಆದರೆ ಅಂಗಾಲು, ಅಂಗೈ, ಉಗುರಿನಡಿ ಅದರ ಪರಿಚಿತ ಜಾಗಗಳು.

ಮಚ್ಚೆಗೇ ಸೂಜಿ ಹಾಕಬೇಡಿ. ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕಿಳಿದಿದೆ ಎನ್ನುವುದರ ಮೇಲೆ ಚಿಕಿತ್ಸೆ ನಿಂತಿದೆ, ಬಿಡಿ ಕೋಶಗಳಿಂದ ಆ ಆಳ ಗೊತ್ತಾಗುವುದಿಲ್ಲ. ಅಲ್ಲಿಗೆ ಸುತ್ತಲಿನ 1ರಿಂದ 3 ಮಿ.ಮೀ. ಅಂಚು ಸೇರಿಸಿ ಇಡೀ ಮಚ್ಚೆಯನ್ನು ತೆಗೆದ ಬಯಾಪ್ಸಿಯೇ ಆಗಬೇಕು. ಮಚ್ಚೆ ತೀರಾ ದೊಡ್ಡದಾದರೆ ದಪ್ಪಗಿರುವ ಕಡೆಯಿಂದ ತುಂಡು. ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಕೋಶ ಹೀರಿ ನೋಡುವ ಪರೀಕ್ಷೆ) ಮಾಡಬೇಕಾದ್ದು ಅಂಗಾಲಿನ ಮೆಲನೋಮ ಹರಡುವ ಜಾಗವಾದ ತೊಡೆಸಂದಿಯಲ್ಲಿ ಊದಿದ ದುಗ್ಧರಸ ಗ್ರಂಥಿಗೆ.

ಮೊದಲು ನಾಡಿಮಿಡಿತ ಮುಟ್ಟಿ ನೋಡಿ, ದೊಡ್ಡ ರಕ್ತನಾಳ ಪಕ್ಕದಲ್ಲೇ ಇದೆ. 23 ಗೇಜ್ ಸೂಜಿ, 10 ಮಿ.ಲೀ. ಸಿರಿಂಜ್ ಸಾಕು. ಗಂಟನ್ನು ಎರಡು ಬೆರಳ ನಡುವೆ ಅಲುಗದಂತೆ ಹಿಡಿದು ಚುಚ್ಚಿ, ಪಿಸ್ಟನ್ ಎಳೆದು, ದಿಕ್ಕು ಬದಲಿಸುತ್ತ ಸೂಜಿಯನ್ನು ಹಿಂದೆಮುಂದೆ ಆಡಿಸಿ. ಸೂಜಿಯ ಬುಡದಲ್ಲಿ ದ್ರವ ಕಂಡ ಕೂಡಲೇ ನಿಲ್ಲಿಸಿ. ಹೊರಗೆಳೆಯುವ ಮೊದಲು ಪಿಸ್ಟನ್ ಬಿಡಲೇಬೇಕು. ಮರೆತರೆ ಸಿಕ್ಕಿದ್ದೆಲ್ಲ ಸಿರಿಂಜಿನೊಳಗೆ ಹೋಗಿ ಕೂರುತ್ತದೆ. ಆಮೇಲೆ ಹತ್ತಿಯಿಟ್ಟು ಒತ್ತಿ ಹಿಡಿಯಿರಿ.

ಕೋಶ ಕಾಣಲು ಹಾಕುವ ಬಣ್ಣಗಳು ಎರಡು, ಪ್ಯಾಪ್ ಮತ್ತು ಗೀಮ್ಸಾ. ಪ್ಯಾಪ್ ಬಣ್ಣಕ್ಕೆ ಇಟ್ಟ ಸ್ಲೈಡನ್ನು ಹರಡಿದ ಕ್ಷಣವೇ 95% ಆಲ್ಕೋಹಾಲಿಗೆ ಇಳಿಸಿ. ಗೀಮ್ಸಾಕ್ಕೆ ಇಟ್ಟದ್ದು ಗಾಳಿಗೆ ಬೇಗ ಒಣಗಬೇಕು. ಮಳೆ ಸುರಿಯುವ ಆಟಿ ತಿಂಗಳ ಉಡುಪಿಯಲ್ಲಿ ಅದೇ ಕಷ್ಟ: ನಿಧಾನಕ್ಕೆ ಒಣಗಿದರೆ ಕೋಶಗಳ ರೂಪ ಕೆಡುತ್ತದೆ, ಹಾಗಾಗಿ ಫ್ಯಾನಿನಡಿ ಹಿಡಿಯಿರಿ. ಒಣಗಿದ ಸ್ಲೈಡನ್ನು ಅದ್ದುವ ಮೆಥನಾಲ್ ಬಾಟಲಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವ ಹೀರಿ ಅದೂ ಹಾಳು. ಕುಂದಾಪುರದಿಂದ ಮಣಿಪಾಲಕ್ಕೆ ಕಳಿಸುವಾಗ ಬಯಾಪ್ಸಿ ತುಂಡು ಕೆಡದಂತೆ ಇಡುವ ಫಾರ್ಮಲಿನ್ ಡಬ್ಬಿಯನ್ನೂ ಒಣಸ್ಲೈಡುಗಳನ್ನೂ ಒಂದೇ ಚೀಲಕ್ಕೆ ಹಾಕಬಾರದು. ಆವಿ ತಾಗಿದರೆ ಗೀಮ್ಸಾ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಮೈಕ್ರೋಸ್ಕೋಪಿನಡಿ ಕಪ್ಪು ಕಂಡಿತೆಂದು ಮೆಲನೋಮ ಬರೆಯುವ ಆತುರ ಬೇಡ. ಹಳೆಯ ರಕ್ತದ ಕಬ್ಬಿಣವೂ ಕಂದು. ಕಬ್ಬಿಣ ಗುರುತಿಸುವ ಪರ್ಲ್ಸ್ ಬಣ್ಣ ಹಾಕಿದರೆ ಅದು ನೀಲಿಯಾಗುತ್ತದೆ, ಚರ್ಮದ ಕಪ್ಪು ವರ್ಣಕವಾದ ಮೆಲನಿನ್ ಆಗುವುದಿಲ್ಲ. ಹಳೆಯ ಚರ್ಮರೋಗವಿದ್ದರೆ ಗ್ರಂಥಿಯ ಮ್ಯಾಕ್ರೋಫೇಜುಗಳೂ (ಕಸ ನುಂಗುವ ಕೋಶಗಳು) ಮೆಲನಿನ್ ನುಂಗಿ ಕೂತಿರುತ್ತವೆ. ನೋಡಬೇಕಾದ್ದು ಕೋಶವನ್ನು; ಮೆಲನೋಮದಲ್ಲಿ ಕಾಣುವುದು: ಒಂದಕ್ಕೊಂದು ಅಂಟದೆ ಬಿಡಿಬಿಡಿ, ಬದಿಗೆ ಸರಿದ ನ್ಯೂಕ್ಲಿಯಸ್, ಕೆಲವದರಲ್ಲಿ ಎರಡು, ಅದರೊಳಗೆ ದಪ್ಪ ಚುಕ್ಕೆಯಂಥ ನ್ಯೂಕ್ಲಿಯೋಲಸ್. ಬಣ್ಣವೇ ಇಲ್ಲದ ಮೆಲನೋಮವೂ ಉಂಟು. ಆಗ ಕಣ್ಣಿಗಿಂತ ಸೆಲ್ ಬ್ಲಾಕ್ (ಹೀರಿ ತೆಗೆದ ಕೋಶಗಳನ್ನು ಮೇಣದ ಅಚ್ಚಿನಲ್ಲಿ ಕೂರಿಸಿದ್ದು) ವಾಸಿ. ಅದಕ್ಕೆಂದೇ ಇನ್ನೊಮ್ಮೆ ಚುಚ್ಚಿ ತೆಗೆದಿಡಿ. ಎಸ್‌100, ಎಚ್‌ಎಂಬಿ45, ಮೆಲನ್-ಎ, ಸಾಕ್ಸ್10 (ಮೆಲನೋಮ ಗುರುತಿಸಲು ನೋಡುವ ಪ್ರೋಟೀನುಗಳು) ಪರೀಕ್ಷೆ ಅದರ ಮೇಲೇ. ಕೋಶದಲ್ಲಿ ಮೆಲನಿನ್ ತುಂಬಿದ್ದರೆ ಈ ಪರೀಕ್ಷೆಗೆ ಡಿಎಬಿ ಎಂಬ ಕಂದು ಬಣ್ಣ ಬೇಡ, ಕೆಂಪು ಬಣ್ಣವನ್ನೇ ಕೇಳಿ. ಇಲ್ಲವಾದರೆ ಯಾವುದು ಪರೀಕ್ಷೆಯ ಬಣ್ಣ, ಯಾವುದು ಮೆಲನಿನ್ ಎಂದು ಹೇಳಲಾಗದು.