ತುರಿಸುವ ಕಣ್ಣಿಗೆ ಮುಲಾಮು ಹಚ್ಚುವುದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಬೇಸಿಗೆ ಬಂತೆಂದರೆ ಮಗ ಕಣ್ಣು ಉಜ್ಜಿಕೊಳ್ಳುತ್ತಲೇ ಏಳುತ್ತಿದ್ದ. ರೆಪ್ಪೆಯಲ್ಲಿ ನೂಲಿನಂಥ ಗೀಜು. ಔಷಧಿ ಅಂಗಡಿಯವನು ಕೊಟ್ಟ ಹನಿ ಹಾಕಿದರೆ ಎರಡೇ ದಿನಕ್ಕೆ ಕಣ್ಣು ತಿಳಿ, ಬಿಟ್ಟರೆ ಮತ್ತೆ ಕೆಂಪು. ಅದು ಸ್ಟೆರಾಯ್ಡ್, ಅಂದರೆ ಕೆಂಪು-ಊತ ಬೇಗ ತಗ್ಗಿಸುವ ಔಷಧಿ ಅಂತ ಗೊತ್ತಾಗಿದ್ದು ಮೂರನೇ ಬಾಟಲಿ ಮುಗಿದ ಮೇಲೆ!

ಸ್ಟೆರಾಯ್ಡ್ ಕೆಟ್ಟದ್ದೇನಲ್ಲ. ಡಾಕ್ಟರ್ ಹೇಳಿದಷ್ಟು ದಿನ ಹಾಕಬೇಕು, ಅಷ್ಟೇ. ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಬಹುದು, ಪೊರೆ ಬರಬಹುದು. ಒತ್ತಡ ಏರಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಹಾಗಾಗಿ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಅವರು ಮೇಲಿನ ರೆಪ್ಪೆ ಮಗುಚಿ ನೋಡುತ್ತಾರೆ. ಒಳಗೆ ಜಲ್ಲಿ ಹರಡಿದಂತೆ ಗಂಟುಗಳಿದ್ದರೆ ಅದು ಹಟಮಾರಿ ಅಲರ್ಜಿ. ಸಾಮಾನ್ಯ ತುರಿಕೆಗೆ ಅಲರ್ಜಿ ತಗ್ಗಿಸುವ ಓಲೋಪಟಡಿನ್ ಹನಿ ಸಾಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸೈಕ್ಲೋಸ್ಪೊರಿನ್ ಹನಿ, ಇಲ್ಲವೇ 0.03% ಟ್ಯಾಕ್ರೋಲಿಮಸ್ ಮುಲಾಮು ಬರೆದುಕೊಡುತ್ತಾರೆ. ಇವೆರಡೂ ಸ್ಟೆರಾಯ್ಡ್ ಅಲ್ಲ, ದೇಹದ ರೋಗನಿರೋಧಕ ಶಕ್ತಿಯ ಅಬ್ಬರ ತಗ್ಗಿಸುವಂಥವು. ಜಪಾನಿನ ತ್ಸುಕುಬಾದ ಮಣ್ಣಿನ ಸೂಕ್ಷ್ಮಜೀವಿಯಲ್ಲಿ 1984ರಲ್ಲಿ ಸಿಕ್ಕಿದ್ದು ಈ ಟ್ಯಾಕ್ರೋಲಿಮಸ್. ಕಿಡ್ನಿ ಕಸಿ ಮಾಡಿಸಿಕೊಂಡವರು ನುಂಗುವುದೂ ಇದನ್ನೇ. ಚರ್ಮಕ್ಕೆ ಹಚ್ಚುವ ಟ್ಯೂಬೂ ಇದೇ ಹೆಸರಲ್ಲಿ ಸಿಗುತ್ತದೆ, ಕಣ್ಣಿನದೇ ಹೌದೋ ಅಂತ ಓದಿ ತನ್ನಿ.

ಕೈಗೆ ಸೋಪು ಹಾಕಿ ತೊಳೆಯಿರಿ. ಕೆಳರೆಪ್ಪೆ ಮೆಲ್ಲಗೆ ಎಳೆದರೆ ಪುಟ್ಟ ಜೇಬಿನಂತಾಗುತ್ತದೆ. ಒಂದೇ ಹನಿ ಬಿಡಿ. ಎರಡನೆಯದು ಕೆನ್ನೆಗೇ ಹೋಗುತ್ತದೆ, ಸುಮ್ನೆ ದಂಡ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಇನ್ನೊಂದು ಹನಿಯಿದ್ದರೆ ಐದು ನಿಮಿಷ ಬಿಟ್ಟು ಹಾಕಿ. ಮುಲಾಮು ಕೊನೆಗೆ, ಅದೇ ಜೇಬಿಗೆ ಅಕ್ಕಿಕಾಳಿನಷ್ಟು. ಟ್ಯೂಬಿನ ತುದಿ ರೆಪ್ಪೆಗೆ ತಾಗಬಾರದು. ಸ್ವಲ್ಪ ಹೊತ್ತು ಎಲ್ಲ ಮಂಜು, ಅದಕ್ಕೇ ಮಲಗುವ ಮುಂಚೆ ಒಳ್ಳೆಯದು.

ಮೊದಲ ದಿನಗಳಲ್ಲಿ ಉರಿಯುತ್ತದೆ. ಮಗ ಮನೆಯೆಲ್ಲ ಕುಣಿದ. ತಣ್ಣನೆ ಬಟ್ಟೆ ಇಟ್ಟೆವು, ಸರಿಹೋಯಿತು. ಗುಣ ಕಾಣಲು ವಾರಗಳೇ ಬೇಕು, ನಡುವೆ ಬಿಡಬೇಡಿ. ಊರಿಂದ ಬಂದ ಅತ್ತೆ ನಂದಿಬಟ್ಟಲು ಹೂವಿನ ರಸ ಬಿಡೋಣ ಅಂದರು. ಹೂವು ದೇವರಿಗೇ ಇರಲಿ ಅತ್ತೆ ಅಂದೆ.

ಉಜ್ಜುವುದು ಮಾತ್ರ ಬಿಡಿಸಲೇಬೇಕು. ಉಜ್ಜಿ ಉಜ್ಜಿ ಕಣ್ಣಿನ ಮುಂದಿನ ಪಾರದರ್ಶಕ ಪದರ ತೆಳುವಾಗಿ ಉಬ್ಬಬಹುದು. ಲೋಕಲ್ ರೈಲಿನ ಬಾಗಿಲಲ್ಲಿ ಧೂಳಿಗೆ ಮುಖ ಒಡ್ಡಿ ನಿಲ್ಲುವವರಿಗೆ ಸಾದಾ ಕನ್ನಡಕವಾದರೂ ಇರಲಿ. ಬೆಳಕು ನೋಡಲಾಗದಿದ್ದರೆ, ನೋವಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಓಡಿ.