ಘಾಟಿಯಲ್ಲಿ ಗೂಡ್ಸ್ ಗಾಡಿ ಫೋಟೊ ಹೊಡೆಯೋದು ಹೇಗೆ?

ಗೂಡ್ಸ್ ಗಾಡಿಗೆ ನಾವು ನೀವು ನೋಡುವಂಥ ಟೈಮ್‌ಟೇಬಲ್ ಇಲ್ಲ. ರೈಲು ಎಲ್ಲಿದೆ ಎಂದು ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಎಕ್ಸ್‌ಪ್ರೆಸ್ ಸಿಗುತ್ತೆ, ಪ್ಯಾಸೆಂಜರ್ ಸಿಗುತ್ತೆ, ಗೂಡ್ಸ್ ಸಿಗುವುದಿಲ್ಲ. ಹಾಗಾಗಿ ಮೊದಲ ಸಲ ಹೋದವರು ಬೆಳಗಿನಿಂದ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು, ನಾಲ್ಕು ಟೀ ಕುಡಿದು, ಸಂಜೆ ಬರಿಗೈಲಿ ಬಸ್ ಹತ್ತುತ್ತಾರೆ. ನಾನೂ ಹತ್ತಿದ್ದೇನೆ.

ಮತ್ತೊಂದು ಸಲ ಇನ್ನೂ ದೊಡ್ಡ ಪೆಟ್ಟು ತಿಂದೆ. ಗಾಡಿ ಬಂತು, ಮುಂದಿನ ಎಂಜಿನ್‌ಗಳ ಫೋಟೊ ಚೆನ್ನಾಗಿಯೇ ಬಂತು, ಖುಷಿಯಿಂದ ಕ್ಯಾಮೆರಾ ಚೀಲಕ್ಕೆ ಹಾಕಿ ಜಿಪ್ ಎಳೆದೆ. ವ್ಯಾಗನ್‌ಗಳು ಒಂದೊಂದೇ ಹೋಗ್ತಾ ಇದ್ದವು. ಆಮೇಲೆ ಕಾಲಡಿಯ ನೆಲ ಮತ್ತೆ ಅದುರತೊಡಗಿತು. ಬಾಲದಲ್ಲಿ ಎರಡು ಎಂಜಿನ್, ಫುಲ್ ದಮ್ಮು ಕಟ್ಟಿ ತಳ್ಳುತ್ತಾ, ಮಂಜಿನೊಳಗಿಂದ ಹೊಗೆ ಎಬ್ಬಿಸಿಕೊಂಡು ಬರುತ್ತಿವೆ. ಜಿಪ್ ಬಿಚ್ಚುವಷ್ಟರಲ್ಲಿ ತಿರುವು ದಾಟಿದ್ದವು. ಅವತ್ತೇ ಗೊತ್ತಾಗಿದ್ದು, ಘಾಟಿಯಲ್ಲಿ ಒಳ್ಳೆ ಫೋಟೊ ಬೇಕು ಅಂದ್ರೆ ಲೆನ್ಸ್‌ಗಿಂತ ಮೊದಲು ಗಾಡಿ ಹೇಗೆ ಓಡುತ್ತೆ ಅನ್ನೋದು ತಿಳಿದಿರಬೇಕು.

ಏರಿನ ಲೆಕ್ಕ ಹಾಕಿ

ನಮ್ಮಲ್ಲಿ ಇದಕ್ಕೆ ಎರಡು ಜಾಗ. ಒಂದು, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿ. 57 ಸುರಂಗ, ಪ್ರತಿ 50 ಮೀಟರಿಗೆ 1 ಮೀಟರ್ ಏರು. ಇನ್ನೊಂದು, ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ದಾರಿ, ದೂಧಸಾಗರ ಇರುವುದು ಇದರ ಮೇಲೇ. ಅಲ್ಲಿ 37 ಮೀಟರಿಗೆ 1 ಮೀಟರ್.

ಕೇಳೋಕೆ ಏನೂ ಅನ್ನಿಸಲ್ಲ, ಅಲ್ವಾ? ಹೀಗೆ ನೋಡಿ. ಕಲ್ಲಿದ್ದಲು ತುಂಬುವ ತೆರೆದ ವ್ಯಾಗನ್ ಒಂದೊಂದೂ ಹೆಚ್ಚುಕಡಿಮೆ 10.7 ಮೀಟರ್ ಉದ್ದ. 58 ವ್ಯಾಗನ್ ಜೋಡಿಸಿದರೆ 620 ಮೀಟರ್. ಅಂದ್ರೆ ಸಕಲೇಶಪುರದ ಏರಿನಲ್ಲಿ ಅಷ್ಟುದ್ದದ ಗಾಡಿಯ ಮೂತಿ ಬಾಲಕ್ಕಿಂತ 12 ಮೀಟರ್ ಮೇಲಿರುತ್ತೆ, ನಾಲ್ಕು ಅಂತಸ್ತಿನ ಕಟ್ಟಡದಷ್ಟು. ಕ್ಯಾಸಲ್‌ರಾಕ್ ಏರಿನಲ್ಲಿ ಹತ್ತತ್ತಿರ 17 ಮೀಟರ್. ತುಂಬಿದ ಒಂದು ವ್ಯಾಗನ್ 80 ಟನ್‌ಗೂ ಜಾಸ್ತಿ. ಇದನ್ನು ಮುಂದಿನ ಎಂಜಿನ್ ಮಾತ್ರ ಎಳೆದರೆ ನಡುವಿನ ಕೊಂಡಿ ಕಿತ್ತು ಬರುವ ಭಯ. ಅದಕ್ಕೇ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ ಹಾಕುತ್ತಾರೆ. ನಾನು ಚೀಲ ಮುಚ್ಚಿ ಕಳೆದುಕೊಂಡಿದ್ದು ಇವನ್ನೇ.

ಇದರಿಂದ ನಿಮಗೇನು ಉಪಯೋಗ? ತುಂಬಿದ ಗಾಡಿ ಹತ್ತುವ ದಿಕ್ಕು ತಿಳಿದುಕೊಳ್ಳಿ. ಗೋವಾದ ಮುರ್ಮಗೋವಾ ಬಂದರಿನಿಂದ ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗೆ ಹೋಗುವ ಕಲ್ಲಿದ್ದಲು ಕ್ಯಾಸಲ್‌ರಾಕ್ ಕಡೆಗೆ ಹತ್ತಿ ಬರುತ್ತೆ, ಖಾಲಿ ವ್ಯಾಗನ್ ಇಳಿದು ಹೋಗುತ್ತೆ. ಇಳಿಯೋ ಖಾಲಿ ಗಾಡಿಯ ಫೋಟೊನೂ ಚೆಂದವೇ, ಆದ್ರೆ ಆ ಗುದ್ದಾಟ ಅದರಲ್ಲಿ ಇರಲ್ಲ.

ಮೊದಲ ಸಲ ಪ್ರಯಾಣಿಕರಾಗಿ ಹೋಗಿ

ಕ್ಯಾಮೆರಾ ಚೀಲದಲ್ಲೇ ಇರಲಿ. ಯಶವಂತಪುರ ಕಡೆಯಿಂದ ಮಂಗಳೂರಿಗೆ ಹಗಲು ಹೋಗುವ ರೈಲಿಗೆ ಕಿಟಕಿ ಸೀಟು ಹಿಡಿಯಿರಿ. 2021ರಿಂದ ಈ ದಾರಿಯಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ, ದುಡ್ಡು ಜಾಸ್ತಿ, ನನಗೆ ಮಾಮೂಲಿ ಕಿಟಕಿಯೇ ಇಷ್ಟ, ಯಾಕಂದ್ರೆ ಗಾಜಿನ ಮೇಲೆ ನಮ್ಮದೇ ಮುಖ ಕಾಣುತ್ತೆ. ಬಾಗಿಲಲ್ಲಿ ನೇತಾಡಬೇಡಿ.

ಈ ರೈಲು ಹಾಯುವ ಸಕಲೇಶಪುರದ ಘಾಟಿ ಒಂಟಿ ಹಳಿಯ ದಾರಿ. ದೋಣಿಗಲ್, ಕಡಗರವಳ್ಳಿ, ಎಡಕುಮಾರಿ, ಸಿರಿಬಾಗಿಲು ಸ್ಟೇಷನ್‌ಗಳಲ್ಲಿ ಮಾತ್ರ ಒಂದು ಗಾಡಿ ಇನ್ನೊಂದಕ್ಕೆ ದಾರಿ ಬಿಡಬಹುದು. ನಿಮ್ಮ ರೈಲು ಹೋಗುವಾಗ ದಾರಿ ಬಿಡಲೆಂದೇ ಇರುವ ಪಕ್ಕದ ಲೂಪ್ ಲೈನ್‌ನಲ್ಲಿ ಗೂಡ್ಸ್ ನಿಂತಿದೆಯಾ, ಎಷ್ಟು ಗಂಟೆಗೆ, ಮೂತಿ ಯಾವ ಕಡೆಗೆ ಅಂತ ಬರೆದುಕೊಳ್ಳಿ. ಎರಡು ಸ್ಟೇಷನ್‌ಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ, ಇಷ್ಟು ನೆನಪಿಟ್ಟರೆ ಸಾಕು. ಎಕ್ಸ್‌ಪ್ರೆಸ್ ದಾಟಿ ಹೋಗುತ್ತೆ, ಮುಂದಿನ ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದ್ರೆ ಗಾಡಿ ಬಿಡಲು ಒಪ್ಪಿಗೆ, ಸಿಗುತ್ತೆ, ಕಾಯುತ್ತಿದ್ದ ಗೂಡ್ಸ್‌ನ ಮುಂದಿನ ಕೆಂಪು ದೀಪ ಹಳದಿಯೋ ಹಸಿರೋ ಆಗುತ್ತೆ. ಎಕ್ಸ್‌ಪ್ರೆಸ್ ಹೋದ ಕೂಡಲೇ ಎಲ್ಲರೂ ಟೀಗೆ ಏಳುತ್ತಾರೆ. ನೀವು ಏಳಬೇಡಿ.

ನಿಲ್ಲುವುದು ಎಲ್ಲಿ

ಹಳಿ ಮೇಲೆ, ಹಳಿ ಪಕ್ಕ, ಸುರಂಗದ ಬಾಯಲ್ಲಿ, ಸೇತುವೆ ಮೇಲೆ ಬೇಡವೇ ಬೇಡ. ಒಂದು ಕಾಲಕ್ಕೆ ಸಕಲೇಶಪುರದ ಹಳಿ ಮೇಲೆ ನಡೆಯೋದೇ ದೊಡ್ಡ ಚಾರಣ ಆಗಿತ್ತು, ಹಳೇ ಫೋಟೊ ನೋಡಿ ಈಗಲೂ ಕೆಲವರು ಹೊರಡುತ್ತಾರೆ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅದು ಅಪರಾಧ. 2023ರ ಜುಲೈನಲ್ಲಿ ದೂಧಸಾಗರಕ್ಕೆ ಹಳಿ ಹಿಡಿದು ಹೋದವರಿಗೆ ಬಸ್ಕಿ ಹೊಡೆಸಿದ ವಿಡಿಯೊ ನೀವೂ ನೋಡಿರಬಹುದು. ಸುರಂಗದೊಳಗೆ ಓಡಿ ತಪ್ಪಿಸಿಕೊಳ್ಳುವ ಜಾಗ ಇರಲ್ಲ. ಇನ್ನು ಕ್ಯಾಸಲ್‌ರಾಕ್ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅನುಮತಿ ಇಲ್ಲದೆ ಕಾಡಿಗೆ ನುಗ್ಗುವ ಹಾಗೂ ಇಲ್ಲ.

ಹಾಗಾದ್ರೆ ಉಳಿಯೋದು ಏನು? ಸಾಕಷ್ಟಿದೆ. ಸಕಲೇಶಪುರ, ಸುಬ್ರಹ್ಮಣ್ಯ ರೋಡ್, ಕ್ಯಾಸಲ್‌ರಾಕ್ ಪ್ಲಾಟ್‌ಫಾರಂಗಳು, ಲೆವೆಲ್ ಕ್ರಾಸಿಂಗ್ ಗೇಟಿನ ಈಚೆ ಬದಿ, ರಸ್ತೆ ಮೇಲ್ಸೇತುವೆ. ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಮೊದಲು ಸ್ಟೇಷನ್ ಮಾಸ್ಟರ್ ಬಳಿ ಹೋಗಿ. ‘ನಮಸ್ಕಾರ ಸರ್, ಗೂಡ್ಸ್ ಗಾಡಿ ಫೋಟೊ ತೆಗೆಯೋ ಹುಚ್ಚು, ಇಲ್ಲಿ ನಿಂತು ತೆಗೀಬಹುದಾ’ ಎಂದು ಕೇಳಿ. ಬೇಡ ಅಂದ್ರೆ ವಾದ ಮಾಡಬೇಡಿ, ಬಿಟ್ಟುಬಿಡಿ. ಹೂಂ ಅಂದ್ರೆ ‘ಇನ್ನೊಂದು ಅರ್ಧ ಗಂಟೆ ಇರ್ರಿ’ ಅನ್ನೋ ಮಾತು ತಾನಾಗೇ ಬರುತ್ತೆ, ಅದು ಯಾವ ಆ್ಯಪ್‌ನಲ್ಲೂ ಇಲ್ಲ. ಡ್ರೋನ್ ಮನೆಯಲ್ಲೇ ಇರಲಿ. ಈಗ ಘಾಟಿಯಲ್ಲಿ ವಿದ್ಯುತ್ ಕಂಬ, ತಂತಿ ಬಂದಿವೆ. ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಸೇತುವೆ ಮೇಲಿಂದ ಸೆಲ್ಫಿ ಸ್ಟಿಕ್ಕು, ಕೊಡೆ ಚಾಚಬೇಡಿ.

ಕಿವಿ ಬಿಟ್ಟುಕೊಂಡು ಕಾಯಿರಿ

ಡೀಸೆಲ್ ಎಂಜಿನ್ ಏರು ಹತ್ತುತ್ತಿದ್ದರೆ ಕಾಣುವ ಎಷ್ಟೋ ಮೊದಲೇ ಕೇಳುತ್ತೆ. ಮೊದಲು ಗುಡುಗಿದ ಹಾಗೆ, ಆಮೇಲೆ ಸುರಂಗ ಹೊಕ್ಕಾಗ ಯಾರೋ ಬಾಯಿ ಮುಚ್ಚಿದ ಹಾಗೆ ನಿಂತೇ ಹೋಗುತ್ತೆ, ಹೊರಗೆ ಬಂದಾಗ ಮತ್ತೆ ಜೋರಾಗುತ್ತೆ. ಸುರಂಗಕ್ಕೆ ಮೊದಲು ಉದ್ದ ಹಾರ್ನ್. ಇಳಿಯುವ ಗಾಡಿಗೆ ಈ ಗುಡುಗು ಇಲ್ಲ, ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಕೀಂಯ್ ಅನ್ನುತ್ತೆ ಅಷ್ಟೆ. ಕರೆಂಟ್ ಎಂಜಿನ್ ಇನ್ನೂ ಮೋಸ, ಮಳೆ ಸದ್ದಿನಲ್ಲಿ ಪಕ್ಕಕ್ಕೆ ಬಂದರೂ ಗೊತ್ತಾಗಲ್ಲ.

ಹತ್ತಿರದಿಂದ ನೋಡಲು ಸಿಕ್ಕರೆ ಎಂಜಿನ್ ಚಕ್ರದ ಮುಂದೆ ಸಣ್ಣ ಕೊಳವೆ ಗಮನಿಸಿ. ಒದ್ದೆ ಹಳಿಯಲ್ಲಿ ಚಕ್ರ ಜಾರಿದರೆ ಅದರಿಂದ ಮರಳು ಸುರಿಯುತ್ತೆ. ಮಳೆಗಾಲದಲ್ಲಿ ಗಾಡಿ ಹೊರಟ ಜಾಗದಲ್ಲಿ ಹಳಿ ಮೇಲೆ ನುಚ್ಚು ರವೆ ಉದುರಿದ ಹಾಗೆ ಕಾಣೋದು ಅದೇ.

ಕ್ಯಾಮೆರಾ ಸೆಟ್ಟಿಂಗ್

ಇಲ್ಲಿ ಹೇಳೋದು ಕಡಿಮೆ. ಘಾಟಿಯಲ್ಲಿ ಗಾಡಿ ನಿಧಾನ, ಶಟರ್ 1/250 ಸಾಕು. ಮೋಡ ಇದ್ದರೆ ಐಎಸ್‌ಒ 800ರಿಂದ 1600. ಎದುರಿಗೆ ಬರುವ ಹೆಡ್‌ಲೈಟ್ ಕ್ಯಾಮೆರಾವನ್ನು ಯಾಮಾರಿಸುತ್ತೆ, ಎಂಜಿನ್ ಕಪ್ಪಾಗಿ ದೀಪ ಒಂದೇ ಉಳಿಯುತ್ತೆ. ಅದಕ್ಕೆ ಗಾಡಿ ಬರುವ ಮೊದಲೇ ಮ್ಯಾನ್ಯುಯಲ್‌ನಲ್ಲಿ ಖಾಲಿ ಹಳಿಯನ್ನೂ ಹಿಂದಿನ ಕಾಡನ್ನೂ ನೋಡಿ ಬೆಳಕು ಹೊಂದಿಸಿಡಿ. ದೂರದ್ದನ್ನು ಹತ್ತಿರ ತೋರಿಸುವ 70-200 ಲೆನ್ಸ್ ಇದ್ದರೆ ತಿರುವಿನಲ್ಲಿ ವ್ಯಾಗನ್‌ಗಳು ಒಂದರ ಮೇಲೊಂದು ಒತ್ತಿಕೊಂಡಂತೆ ಬಂದು ಏರು ಕಣ್ಣಿಗೆ ಹೊಡೆಯುತ್ತೆ. ಮೊಬೈಲ್ ಆದ್ರೆ ಫೋಕಸ್ ಲಾಕ್ ಮಾಡಿ ಕಾಯಿರಿ. ಪಶ್ಚಿಮಕ್ಕೆ ಇಳಿಯುವ ಘಾಟಿ ಆದ್ದರಿಂದ ಬೆಳಗಿನ ಬಿಸಿಲನ್ನು ಪೂರ್ವದ ಗುಡ್ಡ ತಡೆಯುತ್ತೆ, ಒಳ್ಳೆ ಬೆಳಕು ಬರೋದು ಮಧ್ಯಾಹ್ನದ ಮೇಲೆ.

ಎಸಿ ರೂಮಿನಿಂದ ಹೊರಗೆ ಬಂದ ಲೆನ್ಸ್ ಮೇಲೆ ಮಂಜು ಕೂರುತ್ತೆ, ಅರ್ಧ ಗಂಟೆ ಮೊದಲೇ ಚೀಲ ಸಮೇತ ಹೊರಗಿಡಿ. ಒರೆಸಲು ಹಳೇ ಪಂಚೆಯ ತುಂಡು, ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟು ಜೊತೆಗಿರಲಿ.

ಬಾಲದವರೆಗೂ ನಿಲ್ಲಿ

ಮುಂದಿನ ಎಂಜಿನ್ ಹೋದ ಮೇಲೆ ಆಚೆ ನೋಡಿ. ಸ್ಟೇಷನ್ ಸಿಬ್ಬಂದಿ ಹಸಿರು ಬಾವುಟ ಹಿಡಿದು ನಿಂತಿರುತ್ತಾರೆ. ಸುಮ್ನೆ ಅಲ್ಲ, ಏನಾದರೂ ನೇತಾಡುತ್ತಿದೆಯಾ, ಅಚ್ಚು ಕಾದು ಹೊಗೆ ಬರುತ್ತಿದೆಯಾ, ಕೊನೆಯ ಗುರುತಿನ ಫಲಕ ಬಂತಾ ಎಂದು ಕಣ್ಣಲ್ಲೇ ಹುಡುಕುತ್ತಿರುತ್ತಾರೆ. ಆ ಫಲಕ ಬಂದರೆ ಗಾಡಿ ಪೂರ್ತಿ ಬಂದಿದೆ, ದಾರಿಯಲ್ಲಿ ತುಂಡಾಗಿಲ್ಲ ಎಂದು ಅರ್ಥ. ಬಾವುಟ, ಒದ್ದೆ ಪ್ಲಾಟ್‌ಫಾರಂ, ಹಿಂದೆ ಉಜ್ಜಿಕೊಂಡು ಹೋಗುವ ಕಪ್ಪು ವ್ಯಾಗನ್, ಈ ಫೋಟೊಗೆ 1/30 ಶಟರ್ ಇಟ್ಟು ಕೈ ಗಟ್ಟಿ ಹಿಡಿಯಿರಿ, ವ್ಯಾಗನ್ ಮಸುಕಾಗಿ ಮನುಷ್ಯ ಮಾತ್ರ ನಿಂತಿರುತ್ತಾರೆ. ತೆಗೆಯುವ ಮೊದಲು ಅವರನ್ನೂ ಒಂದು ಮಾತು ಕೇಳಿ.

ಆಮೇಲೆ ಬ್ಯಾಂಕರ್. ಅದೂ ಹೋಯಿತಾ? ಚೀಲ ಮುಚ್ಚಬೇಡಿ. ಮೇಲೆ ತಳ್ಳಿಬಿಟ್ಟ ಎಂಜಿನ್ ಮುಂದಿನ ಗಾಡಿಗೆ ಮತ್ತೆ ಕೆಳಗೆ ಇಳಿಯಬೇಕಲ್ಲ, ಸ್ವಲ್ಪ ಹೊತ್ತಿಗೆ ಒಂದೂ ವ್ಯಾಗನ್ ಇಲ್ಲದೆ ವಾಪಸ್ ಬರುತ್ತೆ. ಟೀ ಕುಡಿಯೋದಾದ್ರೆ ಹಳಿ ಕಾಣುವ ಕಡೆ ಮುಖ ಮಾಡಿ ಕೂತ್ಕೊಳ್ಳಿ.